ಬೇಡ ಎಂದ ಬಹುಮತ

ಬೆಳಗಿನಿಂದ ಉಚ್ಚೆ ತಡೆದುಕೊಂಡು ಕಿಬ್ಬೊಟ್ಟೆ ಉರಿಯುತ್ತಿದ್ದರೂ ಹೊಂಬಾಳಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಕೂರಿಸುತ್ತಲೇ ಇದ್ದಳು. ಅಷ್ಟರಲ್ಲಿ ಕಾರ್ಮಿಕ ಸಂಘದ ಅಧ್ಯಕ್ಷ ಚಿಕ್ಕವೀರಪ್ಪ ಹಲ್ಲು ಕಿರಿಯುತ್ತ ಬಂದ. ಆ ಗಾರ್ಮೆಂಟ್ಸಿನ ಹೆಂಗಸರು ಒಬ್ಬೊಬ್ಬರಾಗಿ ಸಂಘ ಬಿಟ್ಟ ಮೇಲೆ ಅವನು ಹೊಲಿಯುವ ರೋಬೋಟ್‌ಗಳನ್ನೇ ಸದಸ್ಯರನ್ನಾಗಿ ಮಾಡಿಕೊಂಡಿದ್ದ. ಅವು ಸಭೆ ತಪ್ಪಿಸುತ್ತಿರಲಿಲ್ಲ, ಎದುರಾಡುತ್ತಿರಲಿಲ್ಲ. ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡು ಅವನಿಗೇ ಜೈಕಾರ ಹಾಕುತ್ತಿದ್ದವು.

“ನಮ್ ಸಂಘ ಯಾವತ್ತೂ ಇಷ್ಟು ದೊಡ್ಡದಾಗಿರಲಿಲ್ಲ ಕಣಕ್ಕ,” ಎಂದ.

“ಕೆಲಸದ ಮಧ್ಯೆ ಕಕ್ಕಸಿಗೆ ಬಿಡಿ ಅಂತ ಕೇಳಿದ್ನಲ್ಲಣ್ಣ, ಅದೇನಾಯ್ತು?”

“ಓಟಿಗೆ ಹಾಕ್ದೆ. ಬೇಡ ಅಂತ ಬಹುಮತ ಬಂತು.”

“ಅವಕ್ಕೇನು ಉಚ್ಚೆ ಬತ್ತದಾ?”

“ಸದಸ್ಯರನ್ನ ಹಂಗೆಲ್ಲ ಹೀಯಾಳಿಸಬಾರ್ದು,” ಎಂದು ಅವನು ಮುಖ ಗಂಟಿಕ್ಕಿದ. ಪಕ್ಕದ ರೋಬೋಟ್ ಎರಡು ಕೈಯಲ್ಲಿ ಹೊಲಿಯುತ್ತಲೇ ಉಳಿದೆರಡು ಕೈಯಲ್ಲಿ ಚಪ್ಪಾಳೆ ತಟ್ಟಿತು.

ಊಟದ ಗಂಟೆ ಹೊಡೆದದ್ದೇ ಹೆಂಗಸರೆಲ್ಲ ಬುತ್ತಿ ಬಿಟ್ಟು ಓಡಿ ಕಕ್ಕಸಿನ ಮುಂದೆ ಸಾಲು ನಿಂತರು. ಆ ಸಾಲಿನಲ್ಲಿ ಒಂದೂ ರೋಬೋಟ್ ಇರಲಿಲ್ಲ, ಚಿಕ್ಕವೀರಪ್ಪನೂ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಹೊಂಬಾಳಮ್ಮನ ಕಣ್ಣಿಗೆ ಸಂಘವೊಂದು ಬಿತ್ತು. ನಾಳೆಯಿಂದ ಸಭೆ ಇಲ್ಲೇ ಎಂದುಕೊಂಡಳು. ಸೆರಗು ಸಿಕ್ಕಿಸಿಕೊಂಡು ಸಾಲಿನ ಕೊನೆಯಲ್ಲಿ ನಿಂತಳು.