ಪಾದರಸದ ಪಾಲು

ವರ್ಷವೆಲ್ಲ ಅಂಗಿಗೆ ಇಸ್ತ್ರಿ ಹಾಕಿದರೆ ಸಾಸಿವೆಯಷ್ಟು ಪಾದರಸ, ಬೇಸಿಗೆಯೆಲ್ಲ ಏಸಿ ಓಡಿಸಿದರೆ ಕಡಲೆಯಷ್ಟು. ಕಲ್ಲಿದ್ದಲ ಸ್ಥಾವರದ ಚಿಮಣಿಯಲ್ಲಿ ಹಿಡಿದಿಟ್ಟದ್ದನ್ನು ಕರೆಂಟು ಬಳಸಿದವರ ಮನೆಗೇ ಶೀಸೆಯಲ್ಲಿ ಹಂಚುವುದು ಕಾನೂನು. ಕೆರೆಯ ಮೀನು ಮಾರುವ ಹುಲಿಗೆವ್ವ ಮಿಕ್ಸಿ ಬಿಟ್ಟು ಒರಳಿಗೆ ಕೂತು, ವರ್ಷದ ಪಾಲನ್ನು ಒಂದೇ ಹನಿಗೆ ಇಳಿಸಿದ್ದಳು.

ಪಕ್ಕದ ಮನೆಯ ಯಂಕೋಬ ಮಾಸ್ತರರು ಶೀಸೆಯನ್ನು ಬಚ್ಚಲಿಗೆ ಬಗ್ಗಿಸುತ್ತಿದ್ದುದನ್ನು ಒಂದು ದಿನ ಕಂಡಳು.

"ಮಾಸ್ತರ್ರ, ಆ ನೀರು ಕೆರಿಗೆ ಹೋಗ್ತೈತ್ರಿ!"

"ಕಪಾಟು ತುಂಬೇತಿ. ನಿನ್ನ ತಲಿ ಮ್ಯಾಲೆ ಇಡ್ಲೇನು?"

"ಕೇಳಿದ್ರ ನಾನೇ ಇಟ್ಕೋತಿದ್ದೆ."

"ನಾಕು ವರ್ಷಾತು ಸುರ್ಯಾಕ ಹತ್ತಿ. ನಿನ್ನ ಮೀನೇ ತಿಂತೀನಿ, ಏನಾಗೇತಿ?"

ಹುಲಿಗೆವ್ವ ಸಿಟ್ಟಿನಿಂದ ಒಂದು ಮೀನನ್ನು ತಾನೇ ಪ್ರಯೋಗಾಲಯಕ್ಕೆ ಪರೀಕ್ಷೆಗೆ ಒಯ್ದಳು. ಸಂಜೆಗೆ ಅಧಿಕಾರಿಗಳು ಬಂದು, ಮೀನು ಹಿಡಿಯಬಾರದೆಂದು ಕೆರೆಯ ದಂಡೆಯಲ್ಲಿ ಕೆಂಪು ಬಾವುಟ ನೆಟ್ಟರು.

ಊರ ಗಾಳಿ ಶುದ್ಧವಾಗಿತ್ತು. ಕೆರೆಯ ಮೀನು ಯಾರೂ ತಿನ್ನುವಂತಿರಲಿಲ್ಲ.