ಬೆರಳಿಟ್ಟು ಓದು

"ಮತ್ತೊಮ್ಮೆ ಓದು," ಎಂದರು ಶ್ರೀನಿವಾಸ ಮಾಸ್ತರರು.

ನೀಲಗಂಗಾ ಇಂಗ್ಲಿಷ್ ಪಾಠವನ್ನು ಮೊದಲಿನಿಂದ ಓದಿದಳು. ಮೂರನೆಯ ಸಾಲಿನಲ್ಲಿ ಎಡವಿದಳು. ಮಾಸ್ತರರಿಗೆ ಸಮಾಧಾನವಾಗಲಿಲ್ಲ.

"ಹಿಂಗಾದ್ರ ನಡಿಯೂದಿಲ್ಲವಾ. ಕಣ್ಣು ಮುಂದಿನ ಶಬ್ದಕ್ಕ ಓಡ್ತದ. ಓಡಗೊಡಬ್ಯಾಡ. ಒಂದೊಂದು ಶಬ್ದದ ಮ್ಯಾಲ ಬೆರಳಿಡು. ಉದ್ದಂದು ಬಂದ್ರ ನಿಂದ್ರು, ಉಸಿರು ತೊಗೊ."

"ಐತವಾರ ಕೆಲಸ ಕೆಟ್ಟರ ನನ್ನ ಬಾಳೇನ ಮುಗೀತ್ರಿ, ಸರ್."

"ಗೊತ್ತದ. ಓದು."

ಅವಳ ತಂದೆ ಶಾಂತಲಿಂಗಪ್ಪ ಸೋಲಾಪುರದ ಚಾದರದ ವ್ಯಾಪಾರಿ. ಅಕ್ಕಲಕೋಟೆಯ ಉಮಾಬಾಯಿ ರವಿವಾರ ತನ್ನ ಮಗನಿಗಾಗಿ ಹೆಣ್ಣು ನೋಡಲು ಬರುವವಳಿದ್ದಳು. ಹುಡುಗಿಯಿಂದ ಇಂಗ್ಲಿಷ್ ಓದಿಸಿ ನೋಡುತ್ತಾರೆಂದು ಸಂಬಂಧ ತಂದವರು ಹೇಳಿದ್ದರು. ಶಾಂತಲಿಂಗಪ್ಪ ಅಂದೇ ಮಗಳ ಕಾಲೇಜಿನ ಮಾತಿಗೆ ತೆರೆ ಎಳೆದ. ಅಂದೇ ಶಾಲೆಯ ಮಾಸ್ತರರನ್ನು ಮನೆಗೆ ಕರೆಸಿದ.

ಅವನಿಗೆ ಇಂಗ್ಲಿಷ್ ಬಾರದು. ತಡವರಿಕೆ ಮಾತ್ರ ತಿಳಿಯುತ್ತಿತ್ತು.

"ನಿಮ್ಮ ಸಾಲ್ಯಾಗ ಕಲತಾಕಿ. ಹಿಂಗ್ಯಾಕ್ರೀ ಮಾಸ್ತರ?"

"ಐತವಾರದೊಳಗ ತಯಾರ ಮಾಡ್ತೀನ್ರಿ, ಸಾವಕಾರ್ರ. ಚಿಂತಿ ಬ್ಯಾಡ."

ರವಿವಾರ ಉಮಾಬಾಯಿ ತಾನೇ ಪುಟ ತೆರೆದು ಕೊಟ್ಟಳು. ನೀಲಗಂಗಾ ಬೆರಳಿಟ್ಟಳು. ನಿಂತಳು. ಉಸಿರೆಳೆದಳು. ಪುಟದ ಮೇಲೆ ಬೆವರು ಬಿತ್ತು. ಅರ್ಧ ಪುಟಕ್ಕೆ ಅವಳ ಧ್ವನಿಯೇ ಅಡಗಿತು. ಶಾಂತಲಿಂಗಪ್ಪ ನೆಲ ನೋಡಿದ. ಮೂಲೆಯಲ್ಲಿದ್ದ ಮಾಸ್ತರರು ಮೆಲ್ಲನೆ ತಲೆಯಾಡಿಸಿದರು.

ಉಮಾಬಾಯಿ ಪುಸ್ತಕ ಮುಚ್ಚಿದಳು.

"ಸಾಕು ಬಿಡವಾ. ಶಾಂತಲಿಂಗಪ್ಪನವ್ರ, ಹುಡುಗಿ ಭಾಳ ಕಲತಾಳಂತ ಕೇಳಿ ಅಂಜಿದ್ವಿ. ನಮ್ಮ ಶಿವಶರಣಪ್ಪ ಮೆಟ್ರಿಕ್‌ನ್ಯಾಗ ಇಂಗ್ಲಿಷಿಗೇ ನಪಾಸಾಗಿ ಕೂತಾಂವ. ಗಂಡಗಿಂತ ಮುಂದ ಓದಾಕಿ ನಮ್ಮ ಮನಿಗೆ ಬ್ಯಾಡ. ಅದಕ್ಕ ಓದಿಸಿ ನೋಡಿದ್ವಿ. ಈಕಿ ನಮಗ ಒಪ್ಪಿಗಿ."

ಕುಂಕುಮ ಬಂತು. ಉಮಾಬಾಯಿ ನೀಲಗಂಗಾಳ ಉಡಿ ತುಂಬಿದಳು. ಇನ್ನು ಮಾತು ಹಿಂದೆಗೆಯುವಂತಿರಲಿಲ್ಲ. ಶಾಂತಲಿಂಗಪ್ಪ ಕಣ್ಣೊರೆಸಿಕೊಂಡು, ಬೀಗರನ್ನು ಅಕ್ಕಲಕೋಟೆಯ ಬಸ್ಸಿಗೆ ಹತ್ತಿಸಲು ಹೋದ.

ನೀಲಗಂಗಾ ಉಡಿಯ ತೆಂಗಿನಕಾಯಿಯನ್ನು ನೆಲಕ್ಕಿಟ್ಟಳು. ಅದೇ ಪುಟ ತೆರೆದಳು. ಬೆರಳಿಡದೆ, ಎಲ್ಲಿಯೂ ನಿಲ್ಲದೆ, ಒಂದು ಅಕ್ಷರವೂ ತಪ್ಪದಂತೆ ಕೊನೆಯವರೆಗೆ ಓದಿದಳು.

ಕೇಳಲು ಅಲ್ಲಿ ಉಳಿದವರು ಒಬ್ಬರೇ: ಈ ಸಂಬಂಧ ತಪ್ಪಲೆಂದು ಅವಳಿಗೆ ಎರಡು ವಾರ ತಡವರಿಸುವುದನ್ನು ಕಲಿಸಿದ್ದ ಮಾಸ್ತರರು.