ಖಾರದ ಕೈ

ಒಣಮೆಣಸಿನಕಾಯಿಯ ಘಾಟು ನೀಲಗಂಗವ್ವನಿಗೆ ಬಾಲ್ಯದಿಂದಲೂ ಹೊಟ್ಟೆಪಾಡಿನ ವಾಸನೆ. ಯುದ್ಧ ನಡೆಯುತ್ತಿದ್ದ ಒಂದು ವರ್ಷ ಬ್ಯಾಡಗಿಯ ಮೆಣಸಿನಕಾಯಿ ಅಂಗಳದಲ್ಲಿ ಅವಳು ಕೂಲಿಗೆ ತೊಟ್ಟು ಬಿಡಿಸುವಾಗ ಮಗಳು ಬಸಲಿಂಗಿ ಪಕ್ಕದಲ್ಲಿರುತ್ತಿದ್ದಳು. ಯಾರ ಮುಖವನ್ನೂ ನೋಡದ, ಯಾರನ್ನೂ ಮುಟ್ಟದ ಹುಡುಗಿ. ಖಾರದ ಕೈಯಿಂದ ಕಣ್ಣುಜ್ಜಿಕೊಂಡು ಚೀರುತ್ತಿದ್ದಳು.

“ಇಕಿ ಚೀರಿದರ ಮಂದಿ ರೈಲು ಬಂತು ಅಂತಾರ. ಇನ್ನೊಮ್ಮೆ ಹಂಗಾದರ ಇಬ್ಬರೂ ಮನ್ಯಾಗ ಇರ್ರಿ,” ಎಂದಿದ್ದಳು ಕೆಲಸ ನೋಡಿಕೊಳ್ಳುವ ಪ್ರೇಮವ್ವ. ಅಂದಿನಿಂದ ಮಗಳ ಕೈ ಮೇಲೆದ್ದಾಗಲೆಲ್ಲ ತಾಯಿ ಅದನ್ನು ಹಿಡಿದು, “ಮೊದ್ಲ ಕೈ ತೊಳಿ” ಎಂದು ರಾಗವಾಗಿ ಹೇಳಿ ನೀರಿನ ಬೋಗುಣಿಗೆ ಒಯ್ಯುತ್ತಿದ್ದಳು.

ಒಂದು ದಿನ ಪ್ರೇಮವ್ವನ ಪುಟ್ಟ ಮೊಮ್ಮಗ ಮೆಣಸಿನಕಾಯಿ ಹಿಚುಕಿ, ಅದೇ ಮುಷ್ಟಿಯನ್ನು ಕಣ್ಣಿಗೊಯ್ದ. ಬಸಲಿಂಗಿ ಅವನ ಕೈ ಹಿಡಿದಳು. “ಮೊದ್ಲ ಕೈ ತೊಳಿ,” ಎಂದಳು, ತಾಯಿಯದೇ ರಾಗದಲ್ಲಿ.

ಅದನ್ನು ನೋಡಿದ ಪ್ರೇಮವ್ವ ತನ್ನ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಪಲ್ಯವಿಟ್ಟು ಬಸಲಿಂಗಿಗೆ ಕೊಟ್ಟಳು.